ಸರ್ವಾಧಿಕಾರಿ ಹೋದ ಮೇಲೆ ಸೋತವರಿಗೆ ಜಾಗವಿದೆಯೇ?

ಮೈಸೂರಿನಲ್ಲಿ ಜಂಬೂಸವಾರಿ ಮುಗಿದ ಮೂರನೆಯ ದಿನ, ಅಂದರೆ 2025ರ ಅಕ್ಟೋಬರ್ 5ರಂದು, ಸಿರಿಯಾದಲ್ಲಿ ಸಂಸತ್ ಚುನಾವಣೆ ನಡೆಯಿತು. ಅಲ್ಲಿನ ಸಾಮಾನ್ಯ ಪ್ರಜೆ ಮಾತ್ರ ಮತಗಟ್ಟೆಗೆ ಹೋಗಲಿಲ್ಲ. ಪ್ರದೇಶವಾರು ರಚಿಸಿದ್ದ ಮತದಾರ ಮಂಡಳಿಗಳ ಸುಮಾರು 6,000 ಸದಸ್ಯರಿಗಷ್ಟೇ ಮತ ಹಾಕುವ ಹಕ್ಕಿತ್ತು. 210 ಸ್ಥಾನಗಳ ಪೈಕಿ 70ಕ್ಕೆ ತಾವೇ ಸದಸ್ಯರನ್ನು ನೇಮಿಸುವ ಅಧಿಕಾರ ಮಧ್ಯಂತರ ಅಧ್ಯಕ್ಷ ಅಹ್ಮದ್ ಅಲ್ ಶರಾ ಅವರ ಬಳಿ ಉಳಿಯಿತು. ಅಸಾದ್ ಕುಟುಂಬದ ಅರ್ಧ ಶತಮಾನಕ್ಕೂ ಹೆಚ್ಚಿನ ಆಳ್ವಿಕೆ 2024ರ ಡಿಸೆಂಬರ್ 8ರಂದು ಕುಸಿದುಬಿದ್ದಾಗ ಡಮಾಸ್ಕಸ್‌ನ ಬೀದಿಗಳಲ್ಲಿ ಕುಣಿದವರಿಗೆ ಸಿಕ್ಕಿದ ಮೊದಲ ಚುನಾವಣೆ ಇದು.

ಬಾಂಗ್ಲಾದೇಶದ ಸುದ್ದಿಯೂ ಇಷ್ಟೇ ಗೋಜಲು. ವಿದ್ಯಾರ್ಥಿಗಳ ಮೀಸಲಾತಿ ವಿರೋಧಿ ಚಳವಳಿ ಜನದಂಗೆಯಾಗಿ ಬೆಳೆದು, 2024ರ ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದರು. ಮೂರು ದಿನಗಳ ಬಳಿಕ ಮುಹಮ್ಮದ್ ಯೂನುಸ್ ನೇತೃತ್ವದ ಮಧ್ಯಂತರ ಸರ್ಕಾರ ಅಧಿಕಾರ ವಹಿಸಿಕೊಂಡಿತು. ಪ್ರಜಾಪ್ರಭುತ್ವವನ್ನು ಮರಳಿ ತರುತ್ತೇವೆಂದು ಬಂದ ಆ ಸರ್ಕಾರವೇ 2025ರ ಮೇ ತಿಂಗಳಲ್ಲಿ, ದೇಶದ ಸ್ವಾತಂತ್ರ್ಯ ಹೋರಾಟವನ್ನು ಮುನ್ನಡೆಸಿದ್ದ, ಹಸೀನಾ ಅವರ ಅವಾಮಿ ಲೀಗ್ ಪಕ್ಷದ ಚಟುವಟಿಕೆಗಳನ್ನು ನಿಷೇಧಿಸಿತು. ನವೆಂಬರ್ 17ರಂದು ನ್ಯಾಯಮಂಡಳಿಯೊಂದು ಹಸೀನಾ ಅವರ ಗೈರುಹಾಜರಿಯಲ್ಲೇ ಅವರಿಗೆ ಮರಣದಂಡನೆ ವಿಧಿಸಿತು. ಚುನಾವಣೆಗೆ 2026ರ ಫೆಬ್ರುವರಿ 12ರ ದಿನ ಗೊತ್ತುಪಡಿಸುವ ಹೊತ್ತಿಗೆ, ಮತಪತ್ರದಲ್ಲಿ ಆ ಪಕ್ಷದ ದೋಣಿಯ ಗುರುತು ಇರುವುದಿಲ್ಲ ಎಂಬುದು ಖಚಿತವಾಗಿತ್ತು.

ನಿರಂಕುಶ ಆಡಳಿತ ಹೋಯಿತು ಎಂದ ಮೇಲೆ ಪ್ರಜಾಪ್ರಭುತ್ವ ಏಕೆ ಬರಲಿಲ್ಲ ಎಂದು ಈ ಸುದ್ದಿಗಳನ್ನು ಓದಿದವರು ಕೇಳುವುದು ಸಹಜ. ಆ ಪ್ರಶ್ನೆಯ ಹಿಂದೆ, ಸರ್ವಾಧಿಕಾರಿಯನ್ನು ತೆಗೆದರೆ ಉಳಿಯುವುದೇ ಪ್ರಜಾಪ್ರಭುತ್ವ ಎಂಬ ನಂಬಿಕೆಯಿದೆ. ಆದರೆ ಉಳಿಯುವುದು ಅವನು ಬಿಟ್ಟುಹೋದ ಸೇನೆ, ಪೊಲೀಸು, ನ್ಯಾಯಾಲಯ ಮತ್ತು ಕಚೇರಿಗಳು. ಜೊತೆಗೆ ಅವನನ್ನು ನಂಬಿದ್ದ, ಅವನಿಂದ ಉಪಕಾರ ಪಡೆದಿದ್ದ ಲಕ್ಷಾಂತರ ಜನ. ಹೊಸ ವ್ಯವಸ್ಥೆಯಲ್ಲಿ ತಮಗೆ ಜಾಗವಿದೆಯೇ ಎಂದು ಇವರೆಲ್ಲ ಲೆಕ್ಕ ಹಾಕುತ್ತಾರೆ. ಇದೆ ಎನ್ನಿಸಿದರೆ ಸೋಲನ್ನು ಒಪ್ಪಿಕೊಳ್ಳುತ್ತಾರೆ, ಇಲ್ಲ ಎನ್ನಿಸಿದರೆ ಕಾದಾಡುತ್ತಾರೆ. ಕಳೆದ 50 ವರ್ಷಗಳಲ್ಲಿ ಇಂಥ ಸ್ಥಿತ್ಯಂತರ ಕಂಡ ದೇಶಗಳ ಹಣೆಬರಹ ಬಹುಪಾಲು ಈ ಲೆಕ್ಕದಿಂದಲೇ ತೀರ್ಮಾನವಾಗಿದೆ ಎಂಬುದು ಈ ಲೇಖನದ ವಾದ.

ಒಪ್ಪಂದದಿಂದ ಹೋದವರು, ಕುಸಿದು ಹೋದವರು

ಚಿಲಿಯಲ್ಲಿ ಜನರಲ್ ಪಿನೋಚೆ 1973ರಿಂದ ಆಳುತ್ತಿದ್ದರು. ತಾವೇ ಬರೆಸಿದ್ದ 1980ರ ಸಂವಿಧಾನದ ಪ್ರಕಾರ, ತಾವು ಮುಂದುವರಿಯಬೇಕೇ ಬೇಡವೇ ಎಂದು 1988ರ ಅಕ್ಟೋಬರ್ 5ರಂದು ಜನಮತ ಕೇಳಿದರು. ಸುಮಾರು ಶೇ 56ರಷ್ಟು ಜನ ಬೇಡ ಎಂದರು. ಸೋತ ಸರ್ವಾಧಿಕಾರಿ ಅಧ್ಯಕ್ಷ ಪದವಿ ಬಿಟ್ಟುಕೊಟ್ಟರಾದರೂ 1998ರವರೆಗೆ ಭೂಸೇನೆಯ ಮುಖ್ಯಸ್ಥರಾಗಿಯೇ ಇದ್ದರು, ಆ ಬಳಿಕ ಆಜೀವ ಸೆನೆಟರ್ ಆದರು. ವಿರೋಧ ಪಕ್ಷಗಳು ಇದನ್ನೆಲ್ಲ ಸಹಿಸಿಕೊಂಡವು. ಶೇ 44ರಷ್ಟು ಮತದಾರರೂ ಇಡೀ ಸೇನೆಯೂ ಅವರ ಬೆನ್ನಿಗಿದ್ದಾಗ, ಹಾವೂ ಸಾಯದ ಕೋಲೂ ಮುರಿಯದ ದಾರಿ ಬಿಟ್ಟರೆ ಬೇರೆ ದಾರಿ ಅವುಗಳಿಗೆ ಕಾಣಲಿಲ್ಲ.

ಇರಾಕ್‌ನಲ್ಲಿ ನಡೆದದ್ದು ಇದರ ತದ್ವಿರುದ್ಧ. 2003ರಲ್ಲಿ ಸದ್ದಾಂ ಹುಸೇನ್ ಆಡಳಿತವನ್ನು ಹೊರಗಿನ ಸೇನೆ ಕೆಡವಿತು. ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಮೊದಲನೆಯದರಿಂದ ಸದ್ದಾಂ ಅವರ ಬಾತ್ ಪಕ್ಷದ ಮೇಲ್ಸ್ತರದ ಸದಸ್ಯರೆಲ್ಲ ಸರ್ಕಾರಿ ಕೆಲಸ ಕಳೆದುಕೊಂಡರು, ಎರಡನೆಯದರಿಂದ ಸೇನೆಯೇ ವಿಸರ್ಜನೆಯಾಯಿತು. ಬಾತ್ ಪಕ್ಷದ ಸದಸ್ಯತ್ವವಿಲ್ಲದೆ ದೊಡ್ಡ ಹುದ್ದೆ ಸಿಗದಿದ್ದ ದೇಶದಲ್ಲಿ ಈ ಆದೇಶಗಳಿಂದ ಹೊರಬಿದ್ದವರಲ್ಲಿ ಎಂಜಿನಿಯರುಗಳೂ ಶಾಲೆಯ ಮುಖ್ಯೋಪಾಧ್ಯಾಯರೂ ಇದ್ದರು. ನೆಗಡಿಯಾಯಿತೆಂದು ಮೂಗು ಕೊಯ್ದಂಥ ಕೆಲಸ ಇದು. ಸಂಬಳವಿಲ್ಲದ, ಆದರೆ ಬಂದೂಕು ಹಿಡಿಯಲು ಬಲ್ಲ ಲಕ್ಷಾಂತರ ಗಂಡಸರು ಒಂದೇ ವಾರದಲ್ಲಿ ಬೀದಿಗೆ ಬಂದರು, ಅವರಲ್ಲಿ ಹಲವರು ಮುಂದೆ ಬಂಡುಕೋರ ಗುಂಪುಗಳಿಗೆ ಅನುಭವಿ ಸೇನಾನಿಗಳಾದರು. ಲಿಬಿಯಾ ಇದರಿಂದ ಪಾಠ ಕಲಿಯಲಿಲ್ಲ. ಅಲ್ಲಿ 2012ರಲ್ಲಿ ಚುನಾವಣೆ ನಡೆದು, ಮರುವರ್ಷವೇ ಗಡಾಫಿ ಕಾಲದ ಅಧಿಕಾರಿಗಳನ್ನು ಹೊರಗಿಡುವ ಕಾನೂನು ಬಂತು, 2014ರ ಹೊತ್ತಿಗೆ ಒಂದು ದೇಶದಲ್ಲಿ ಎರಡು ಸರ್ಕಾರಗಳಾದವು.

ಸಿರಿಯಾದ ಹೊಸ ಆಡಳಿತವೂ 2025ರ ಜನವರಿಯಲ್ಲಿ ಹಳೆಯ ಸೇನೆಯನ್ನೂ ಅಸಾದರ ಬಾತ್ ಪಕ್ಷವನ್ನೂ ವಿಸರ್ಜಿಸಿತು. ಮಾರ್ಚ್ ತಿಂಗಳಲ್ಲಿ ಕರಾವಳಿಯಲ್ಲಿ ಅಸಾದ್ ಬೆಂಬಲಿಗರು ಭದ್ರತಾ ಪಡೆಗಳ ಮೇಲೆ ದಾಳಿ ಮಾಡಿದಾಗ, ಅದಕ್ಕೆ ಪ್ರತೀಕಾರವಾಗಿ, ಅಸಾದ್ ಕುಟುಂಬ ಸೇರಿದ್ದ ಅಲವಿ ಸಮುದಾಯದ ನೂರಾರು ನಾಗರಿಕರ ಹತ್ಯೆಯಾಯಿತು. ಎಲ್ಲ ಕಾರಣವನ್ನೂ ಸೇನೆಯ ವಿಸರ್ಜನೆಗೆ ಹೊರಿಸುವುದು ಸರಿಯಾಗದು, 13 ವರ್ಷಗಳ ಅಂತರ್ಯುದ್ಧದ ಗಾಯ ಅದಕ್ಕಿಂತ ಆಳವಾದದ್ದು. ಆದರೂ ಸೋತವರಿಗೆ ಜಾಗವಿಲ್ಲ ಎಂಬ ಸಂದೇಶ ಹೋದಾಗ ಏನಾಗುತ್ತದೆ ಎಂಬುದು ಅಲ್ಲಿಯೂ ಕಂಡಿತು.

ರಾಜಿಯ ಬಾಕಿ

ಹಾಗಾದರೆ ಎಲ್ಲರೂ ಚಿಲಿಯ ದಾರಿ ಹಿಡಿಯಬಹುದಲ್ಲ ಎಂದರೆ, ರಾಜಿಗೂ ಬೆಲೆಯಿದೆ, ಅದನ್ನು ತೆರುವವರು ಮುಂದಿನ ತಲೆಮಾರಿನವರು. ಮ್ಯಾನ್ಮಾರ್‌ನ ಸೇನೆ 2008ರ ಸಂವಿಧಾನದಲ್ಲಿ ಸಂಸತ್ತಿನ ಶೇ 25ರಷ್ಟು ಸ್ಥಾನಗಳನ್ನು ತನಗೆ ಕಾದಿರಿಸಿಕೊಂಡಿತು. ಮುಖ್ಯ ವಿಧಿಗಳ ತಿದ್ದುಪಡಿಗೆ ಶೇ 75ಕ್ಕಿಂತ ಹೆಚ್ಚು ಮತ ಬೇಕೆಂದೂ ಬರೆಸಿತು. ಎರಡನ್ನೂ ಕೂಡಿಸಿ ನೋಡಿದರೆ, ಸೇನೆ ಒಪ್ಪದೆ ಸೇನೆಯ ಅಧಿಕಾರ ಕಡಿಮೆಯಾಗುವಂತಿರಲಿಲ್ಲ. ರಕ್ಷಣೆ, ಗೃಹ ಮತ್ತು ಗಡಿ ವ್ಯವಹಾರಗಳ ಖಾತೆಗಳೂ ಅದರ ಕೈಯಲ್ಲೇ ಇದ್ದವು. 2015ರಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ ಭಾರಿ ಬಹುಮತ ಗಳಿಸಿದಾಗ ಜಗತ್ತು ಪ್ರಜಾಪ್ರಭುತ್ವ ಬಂತೆಂದು ಸಂಭ್ರಮಿಸಿತು. 2020ರಲ್ಲಿ ಅದೇ ಪಕ್ಷ ಮತ್ತೆ ಗೆದ್ದಿತು. 2021ರ ಫೆಬ್ರುವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನವೇ, ಸೇನೆ ಅಧಿಕಾರವನ್ನು ಕಿತ್ತುಕೊಂಡಿತು. ಸೋತವರಿಗೆ ಜಾಗ ಕೊಡುವುದಕ್ಕೂ ಎಂದೂ ಸೋಲದ ಹಾಗೆ ಕಾನೂನು ಬರೆದುಕೊಳ್ಳಲು ಬಿಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ನಿಚ್ಚಳವಾಗಿದೆ.

ಇಂಡೊನೇಷ್ಯಾ ಈ ಎರಡರ ನಡುವಿನ ಉದಾಹರಣೆ. 32 ವರ್ಷ ಆಳಿದ ಸುಹಾರ್ತೊ 1998ರ ಮೇ 21ರಂದು ರಾಜೀನಾಮೆ ಕೊಟ್ಟರು. ಹೊಸ ಸಂವಿಧಾನ ಬರೆಯುವ ಗೋಜಿಗೆ ಹೋಗದೆ 1999ರಿಂದ 2002ರವರೆಗೆ ನಾಲ್ಕು ಕಂತುಗಳಲ್ಲಿ ತಿದ್ದುಪಡಿ ಮಾಡಲಾಯಿತು. ಸಂಸತ್ತಿನಲ್ಲಿ ಸೇನೆಗಿದ್ದ ಸ್ಥಾನಗಳು 2004ರಲ್ಲಿ ಕೊನೆಗೊಂಡವು. ನಿಧಾನವಾದರೂ ಕೆಲಸ ಆಯಿತು ಎನ್ನಬಹುದು. ಆದರೆ ಹಳೆಯ ಕಾಲದ ಅಪರಾಧಗಳ ವಿಚಾರಣೆ ಹೆಚ್ಚುಕಡಿಮೆ ನಡೆಯಲೇ ಇಲ್ಲ. ಸುಹಾರ್ತೊ ಅವರ ಮಾಜಿ ಅಳಿಯ, ಮಾಜಿ ಜನರಲ್ ಪ್ರಬೊವೊ ಸುಬಿಯಾಂತೊ 2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರಾದರು. ಮರುವರ್ಷ ಸೇನಾಧಿಕಾರಿಗಳಿಗೆ ಇನ್ನಷ್ಟು ನಾಗರಿಕ ಹುದ್ದೆಗಳ ಬಾಗಿಲು ತೆರೆಯುವ ತಿದ್ದುಪಡಿ ಬಂತು, ನವೆಂಬರ್‌ನಲ್ಲಿ ಸುಹಾರ್ತೊ ಅವರಿಗೇ ರಾಷ್ಟ್ರವೀರ ಎಂಬ ಬಿರುದು ಸಿಕ್ಕಿತು. ಪ್ರಬೊವೊ ಬಂದದ್ದು ಮತಪೆಟ್ಟಿಗೆಯ ಮೂಲಕವೇ ಎಂಬುದನ್ನು ಮರೆಯುವಂತಿಲ್ಲ. ಹಳಬರು ಹೀಗೆ ಬರುವುದು ಬಂದೂಕು ಹಿಡಿದು ಬರುವುದಕ್ಕಿಂತ ಎಷ್ಟೋ ವಾಸಿ.

ಮೈಸೂರಿನ 66 ವರ್ಷ

ಈ ವಿಷಯವನ್ನು ನಮ್ಮ ಊರಿನ ಕಡೆಯಿಂದ ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಡೆಯರ ಆಳ್ವಿಕೆಯನ್ನು ಅಸಾದರ ಆಳ್ವಿಕೆಯ ಪಕ್ಕದಲ್ಲಿಟ್ಟು ತೂಗುವ ಉದ್ದೇಶ ಇಲ್ಲಿಲ್ಲ, ಮೈಸೂರಿನಲ್ಲಿ ಹಾಗೆ ಬರೆದು ಜೀರ್ಣಿಸಿಕೊಳ್ಳುವುದೂ ಕಷ್ಟ. ಆದರೆ ಪ್ರಜೆಗಳಿಗೆ ಉತ್ತರ ಕೊಡಬೇಕಾಗಿಲ್ಲದ ಅಧಿಕಾರವೊಂದು ಉತ್ತರ ಕೊಡಬೇಕಾದ ಅಧಿಕಾರವಾಗಿ ಬದಲಾದ ಬಗೆ ಇಲ್ಲಿ ದಾಖಲೆಯಲ್ಲಿದೆ.

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದ್ದು 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲೇ. ಬಂದಿದ್ದ 144 ಸದಸ್ಯರನ್ನು ಸಾಮಾನ್ಯ ರೈತರು ಮತ ಹಾಕಿ ಆರಿಸಿರಲಿಲ್ಲ. ಅವರು ಜಮೀನುದಾರರ ಮತ್ತು ವರ್ತಕರ ಪೈಕಿಯಿಂದ ಗೊತ್ತುಮಾಡಲ್ಪಟ್ಟವರು. ದಿವಾನರ ವರದಿ ಕೇಳುವುದು, ಅಹವಾಲು ಹೇಳಿಕೊಳ್ಳುವುದು, ಇಷ್ಟೇ ಅವರ ಅಧಿಕಾರ. ಆ ಮಟ್ಟಿಗೆ ಸಿರಿಯಾದ 6,000 ಮತದಾರರ ಏರ್ಪಾಡನ್ನು ನೋಡಿ ನಾವು ಮೂಗು ಮುರಿಯುವಂತಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ಸಿಕ್ಕಿತು. ಅದಾದ ಮೇಲೆ ಮೇಲಿನಿಂದ ಕೊಡುವುದು ನಿಂತಿತು. ಮುಂದಿನದನ್ನು ಜನ ಹೋರಾಡಿಯೇ ಪಡೆಯಬೇಕಾಯಿತು: 1938ರಲ್ಲಿ ಮಂಡ್ಯ ಸೀಮೆಯ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲಿಬಾರು, ಕೊನೆಗೆ 1947ರ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ. ದೇಶಕ್ಕೆ ಸ್ವಾತಂತ್ರ್ಯ ಬಂದು ವಾರಗಳು ಕಳೆದಿದ್ದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಹೊತ್ತ ವೃತ್ತದಲ್ಲಿ ಇಂದೂ ಸಿಟಿ ಬಸ್ಸುಗಳು ತಿರುಗುತ್ತವೆ.

ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದ ರೀತಿಯನ್ನು ಗಮನಿಸಬೇಕು. ಮಹಾರಾಜ ಜಯಚಾಮರಾಜ ಒಡೆಯರ್ ಪದಚ್ಯುತರಾಗಲಿಲ್ಲ, ದಿವಾನ್ ಹುದ್ದೆಯೂ ಕೂಡಲೇ ರದ್ದಾಗಲಿಲ್ಲ, ಸಂಸ್ಥಾನದ ಕಚೇರಿಗಳೂ ನ್ಯಾಯಾಲಯಗಳೂ ಅಮಲ್ದಾರರೂ ಇದ್ದಲ್ಲೇ ಇದ್ದು ಕೆಲಸ ಮುಂದುವರಿಸಿದರು. ಮಹಾರಾಜರು ಮುಂದೆ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಗೊತ್ತಾಯಿತು. ಆಗಿನ ಲೆಕ್ಕದಲ್ಲಿ ಅದು ಕಣ್ಣು ಕುಕ್ಕುವ ಮೊತ್ತ. ರಾಜಿಯ ಈ ಬಾಕಿಯನ್ನು ಗಣರಾಜ್ಯ 1971ರಲ್ಲಿ, 26ನೇ ತಿದ್ದುಪಡಿಯ ಮೂಲಕ, ಏಕಪಕ್ಷೀಯವಾಗಿ ತೀರಿಸಿಬಿಟ್ಟಿತು. ಕೊಟ್ಟ ಮಾತು ಮುರಿದದ್ದು ಸರಿಯೇ ಎಂಬ ವಾದ ಇಂದಿಗೂ ಇದೆ. ಆದರೆ ಅಷ್ಟು ಹೊತ್ತಿಗೆ ಪ್ರಜಾಸತ್ತೆ ಬೇರೂರಿತ್ತು, ಅರಮನೆಯ ಕಡೆಯಿಂದ ಅದನ್ನು ಉರುಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಅರಮನೆಯವರು ಅಧಿಕಾರದ ರಾಜಕಾರಣಕ್ಕೆ ಮರಳಿದ್ದು ಚುನಾವಣೆಯ ಮೂಲಕ: ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಗೆದ್ದದ್ದೂ ಉಂಟು, ಸೋತದ್ದೂ ಉಂಟು; ಯದುವೀರ್ 2024ರಲ್ಲಿ ಮೈಸೂರು–ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಹೋದರು.

ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಮೈಸೂರಿನ ನೆತ್ತಿಯ ಮೇಲೆ ಭಾರತ ಒಕ್ಕೂಟವೆಂಬ ಸೂರು ಇತ್ತು, ಅದರ ಸಂವಿಧಾನ ಬರೆಯುವ ಕೆಲಸ ದೆಹಲಿಯಲ್ಲಿ ನಡೆಯುತ್ತಿತ್ತು. ಡಮಾಸ್ಕಸ್‌ಗಾಗಲೀ ಢಾಕಾಕ್ಕಾಗಲೀ ಅಂಥ ಸೂರು ಇಲ್ಲ.

ವಿಚಾರಣೆ ಮೊದಲೋ, ಶಾಂತಿ ಮೊದಲೋ

ಸೋತವರಿಗೆ ಜಾಗ ಎಂದ ಕೂಡಲೇ, ಕೊಂದವರಿಗೂ ಜಾಗವೇ ಎಂಬ ಪ್ರಶ್ನೆ ಏಳುತ್ತದೆ. ಬಾಂಗ್ಲಾದೇಶದಲ್ಲಿ 2024ರ ಜುಲೈ 1ರಿಂದ ಆಗಸ್ಟ್ 15ರ ನಡುವೆ 1,400ರಷ್ಟು ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಭದ್ರತಾ ಪಡೆಗಳ ಗುಂಡಿಗೆ ಬಲಿಯಾದವರು. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಹೋಗಿ, ಸ್ಥಿರತೆಗಾಗಿ ಇದನ್ನೆಲ್ಲ ಮರೆಯಿರಿ ಎಂದು ಹೇಳುವ ಬಾಯಿ ಯಾರಿಗಿದೆ?

ಇದಕ್ಕೆ ಮೂರು ದೇಶಗಳು ಮೂರು ಉತ್ತರ ಕೊಟ್ಟಿವೆ. ಸ್ಪೇನ್ ಮರೆಯಲು ತೀರ್ಮಾನಿಸಿತು: ಫ್ರಾಂಕೊ ಸತ್ತ ಎರಡು ವರ್ಷಕ್ಕೆ, 1977ರಲ್ಲಿ, ಎಲ್ಲರಿಗೂ ಕ್ಷಮಾದಾನ ಕೊಟ್ಟಿತು. ಅದೇ ವರ್ಷ, ನಿಷೇಧದಲ್ಲಿದ್ದ ಕಮ್ಯುನಿಸ್ಟ್ ಪಕ್ಷಕ್ಕೂ ಚುನಾವಣೆಗೆ ನಿಲ್ಲಲು ಬಿಟ್ಟಿತು. ಅಂತರ್ಯುದ್ಧದಲ್ಲಿ ಹೂತ ಹೆಣಗಳನ್ನು ಅಗೆದು ಗುರುತಿಸುವ ಕಾನೂನು ಬರಲು 2007ರವರೆಗೆ ಕಾಯಬೇಕಾಯಿತು. ಅರ್ಜೆಂಟೀನಾ 1985ರಲ್ಲೇ ಸೇನಾಡಳಿತದ ಮುಖ್ಯಸ್ಥರನ್ನು ಕಟಕಟೆಗೆ ತಂದು ಶಿಕ್ಷೆ ಕೊಡಿಸಿತು. ವಿಚಾರಣೆ ಕೆಳಗಿನ ಅಧಿಕಾರಿಗಳತ್ತ ತಿರುಗಿದಾಗ 1987ರಲ್ಲಿ ಸೇನೆಯ ಒಂದು ಭಾಗ ಬಂಡೆದ್ದಿತು, ಸರ್ಕಾರ ಹಿಂಜರಿದು ಅವರನ್ನು ರಕ್ಷಿಸುವ ಕಾನೂನು ಮಾಡಿತು, ಮುಂದಿನ ಅಧ್ಯಕ್ಷರು ಕ್ಷಮಾದಾನವನ್ನೂ ಕೊಟ್ಟರು. ಆ ಕಾನೂನನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿ ವಿಚಾರಣೆಗಳು ಮತ್ತೆ ಆರಂಭವಾಗಿದ್ದು 2005ರ ನಂತರ. ದಕ್ಷಿಣ ಕೊರಿಯಾ ಮೊದಲು ಚುನಾವಣೆ, ಆಮೇಲೆ ವಿಚಾರಣೆ ಎಂಬ ಕ್ರಮ ಹಿಡಿಯಿತು. 1987ರಲ್ಲಿ ನೇರ ಚುನಾವಣೆ ಬಂದಾಗ ವಿರೋಧಿಗಳು ಒಡೆದುಹೋದ ಕಾರಣ ಹಳೆಯ ಆಡಳಿತದವರೇ ಆದ ರೋ ತೇ-ವೂ ಗೆದ್ದರು. ಆ ಫಲಿತಾಂಶವನ್ನು ಜನ ಹಲ್ಲು ಕಚ್ಚಿ ಒಪ್ಪಿದರು. 1996ರಲ್ಲಿ ಇದೇ ರೋ ಮತ್ತು ಅವರ ಹಿಂದಿನ ಸರ್ವಾಧಿಕಾರಿ ಚುನ್ ಡೂ-ಹ್ವಾನ್ ಇಬ್ಬರಿಗೂ ಶಿಕ್ಷೆಯಾಯಿತು, ಮರುವರ್ಷ ಕ್ಷಮಾದಾನವೂ ಸಿಕ್ಕಿತು.

ಮೂರರಲ್ಲೂ ಕಾಣುವ ಅಂಶವೆಂದರೆ, ಶಿಕ್ಷೆಯಾದ ಕಡೆಯೂ ಅದು ಆದದ್ದು ಹೆಸರಿರುವ ವ್ಯಕ್ತಿಗಳಿಗಷ್ಟೇ. ಅವರನ್ನು ಬೆಂಬಲಿಸಿದ ಮತದಾರರು ಮತದಾರರಾಗಿಯೇ ಉಳಿದರು.

ಪಕ್ಷ ನಿಷೇಧ ಮತ್ತು 1977ರ ಕರ್ನಾಟಕ

ಅವಾಮಿ ಲೀಗ್ ವಿಷಯದಲ್ಲಿ ಎರಡು ವಾದಗಳಿವೆ. ಪ್ರಭುತ್ವದ ಬಂದೂಕನ್ನು ಪ್ರಜೆಗಳ ಮೇಲೆ ತಿರುಗಿಸಿದ, 2014, 2018 ಮತ್ತು 2024ರ ಚುನಾವಣೆಗಳ ನಂಬಿಕೆ ಕೆಡಿಸಿದ ಪಕ್ಷಕ್ಕೆ, ವಿಚಾರಣೆ ಮುಗಿಯುವವರೆಗೆ ಕಣಕ್ಕಿಳಿಯುವ ಹಕ್ಕಿಲ್ಲ ಎಂಬುದು ಒಂದು. ಪಕ್ಷದ ನಾಯಕರು ಮಾಡಿದ್ದಕ್ಕೆ ಅದರ ಮತದಾರರನ್ನು ಹೊರಗಿಟ್ಟರೆ ಮುಂದೆ ಗೆದ್ದವರೆಲ್ಲ ಅದೇ ಆಯುಧ ಎತ್ತಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಮೊದಲನೆಯದರ ಹಿಂದಿರುವ ಸಿಟ್ಟು ನ್ಯಾಯವಾದದ್ದೇ, ಆದರೆ ಪರಿಣಾಮದ ದೃಷ್ಟಿಯಿಂದ ಎರಡನೆಯ ವಾದಕ್ಕೇ ತೂಕ ಹೆಚ್ಚು.

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ದೂರ ಹೋಗಬೇಕಿಲ್ಲ. 21 ತಿಂಗಳ ತುರ್ತು ಪರಿಸ್ಥಿತಿಯ ಬಳಿಕ 1977ರ ಮಾರ್ಚ್‌ನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು, ಇಂದಿರಾ ಗಾಂಧಿ ಸ್ವತಃ ರಾಯ್‌ಬರೇಲಿಯಲ್ಲಿ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್‌ಗೆ ಬಂದವು. ತುರ್ತು ಪರಿಸ್ಥಿತಿ ಹೇರಿದ್ದ ಪಕ್ಷವನ್ನು ಜನತಾ ಸರ್ಕಾರ ಆಗ ನಿಷೇಧಿಸಿದ್ದರೆ ಒಂದು ಇಡೀ ರಾಜ್ಯದ ಆಯ್ಕೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಜನತಾ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು, ಇಂದಿರಾ ಅವರನ್ನು ಬಂಧಿಸಿತು, ಆದರೆ ಚುನಾವಣೆಗೆ ನಿಲ್ಲಬಾರದೆಂದು ಹೇಳಲಿಲ್ಲ. 1978ರ ನವೆಂಬರ್‌ನಲ್ಲಿ ಅವರು ಚಿಕ್ಕಮಗಳೂರಿನಿಂದ ಗೆದ್ದರು, 1980ರಲ್ಲಿ ಮತ್ತೆ ಪ್ರಧಾನಿಯಾದರು. ಇದನ್ನು ಜನತಾ ಸರ್ಕಾರದ ಸೋಲೆಂದು ಕರೆಯುವವರಿದ್ದಾರೆ. ಆದರೆ ಆ ಸರ್ಕಾರ ತಂದ 44ನೇ ತಿದ್ದುಪಡಿಯ ಪ್ರಕಾರ, ಸಶಸ್ತ್ರ ಬಂಡಾಯವಿಲ್ಲದೆ ಬರೀ ಆಂತರಿಕ ಗಲಭೆಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವಂತಿಲ್ಲ. ಇಂದಿರಾ ಮರಳಿ ಬಂದ ಮೇಲೂ ಅದು ಹಾಗೆಯೇ ಉಳಿಯಿತು.

ತಗಾದೆ ತೀರಿಸುವವರು ಯಾರು

ಇಷ್ಟಾದರೂ, ಗೆದ್ದವರು ಮತ್ತು ಸೋತವರ ನಡುವೆ ತಗಾದೆ ಬಂದಾಗ ಇಬ್ಬರೂ ಒಪ್ಪುವ ಮೂರನೆಯವರು ಬೇಕು. ಬಾಂಗ್ಲಾದೇಶ ಇದಕ್ಕೊಂದು ಜಾಣ ಉಪಾಯ ಹುಡುಕಿತ್ತು. ಸೇನಾಡಳಿತಗಾರ ಇರ್ಷಾದ್ 1990ರ ಡಿಸೆಂಬರ್‌ನಲ್ಲಿ ಹೋದ ಮೇಲೆ, ಅವಾಮಿ ಲೀಗ್ ಮತ್ತು ಬಾಂಗ್ಲಾದೇಶ್ ನ್ಯಾಷನಲಿಸ್ಟ್ ಪಾರ್ಟಿ (ಬಿಎನ್‌ಪಿ) ಎಂಬ ಎರಡು ಮುಖ್ಯ ಪಕ್ಷಗಳ ಪರಸ್ಪರ ಅಪನಂಬಿಕೆ ಎಷ್ಟಿತ್ತೆಂದರೆ, 1996ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಚುನಾವಣೆಯ ಕಾಲದಲ್ಲಿ ಪಕ್ಷಾತೀತ ಉಸ್ತುವಾರಿ ಸರ್ಕಾರ ಇರಬೇಕೆಂದು ಗೊತ್ತುಮಾಡಲಾಯಿತು. ಇತ್ತೀಚೆಗೆ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿ ಅದಕ್ಕೆ ಮುಖ್ಯಸ್ಥರು. 1996ರಲ್ಲೂ 2001ರಲ್ಲೂ ಅದು ಕೆಲಸ ಮಾಡಿತು, ಆಡಳಿತ ಪಕ್ಷಗಳು ಸೋತು ಮನೆಗೆ ಹೋದವು.

ಅದು ಹಾಳಾದ ಬಗೆ ಪಾಠದಂತಿದೆ. 2004ರಲ್ಲಿ ಆಗಿನ ಬಿಎನ್‌ಪಿ ಸರ್ಕಾರ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಿತು. ಕಾಗದದ ಮೇಲೆ ಇದು ಸೇವಾ ನಿಯಮದ ಸಣ್ಣ ಬದಲಾವಣೆ. ಆದರೆ ಇದರಿಂದ ಮುಂದಿನ ಚುನಾವಣೆಯ ಹೊತ್ತಿಗೆ ಉಸ್ತುವಾರಿ ಸರ್ಕಾರದ ಮುಖ್ಯಸ್ಥರಾಗುವ ಸರದಿ, ಹಿಂದೆ ಬಿಎನ್‌ಪಿ ಜೊತೆ ನಂಟಿತ್ತೆಂದು ಅವಾಮಿ ಲೀಗ್ ಆರೋಪಿಸುತ್ತಿದ್ದ ನ್ಯಾಯಮೂರ್ತಿಯೊಬ್ಬರಿಗೆ ಬರುವಂತಾಯಿತು. ಬೀದಿಯಲ್ಲಿ ಹೊಡೆದಾಟ ನಡೆದು, ಅವರು ಹಿಂದೆ ಸರಿದು, 2007ರ ಜನವರಿಯಲ್ಲಿ ಸೇನೆಯ ಬೆಂಬಲದ ತುರ್ತು ಪರಿಸ್ಥಿತಿ ಬಂದು ಎರಡು ವರ್ಷ ಚುನಾವಣೆಯೇ ನಡೆಯಲಿಲ್ಲ. ಬಳಿಕ ಗೆದ್ದುಬಂದ ಹಸೀನಾ 2011ರಲ್ಲಿ ಆ ಏರ್ಪಾಡನ್ನೇ ತೆಗೆದುಹಾಕಿದರು. ಒಬ್ಬರು ತೀರ್ಪುಗಾರರನ್ನು ತಮ್ಮ ಕಡೆ ಸೆಳೆಯಲು ನೋಡಿದರು, ಇನ್ನೊಬ್ಬರು ತೀರ್ಪುಗಾರರೇ ಬೇಡವೆಂದರು. 2024ರ ಆಗಸ್ಟ್‌ನ ಬೇರು ಇಲ್ಲಿದೆ.

ಟ್ಯುನೀಶಿಯಾದಲ್ಲೂ ಇದೇ ಕೊರತೆ ಕಾಡಿತು. 2011ರ ಕ್ರಾಂತಿಯ ನಂತರ ಅಲ್ಲಿನವರು ಕಷ್ಟಪಟ್ಟು, ಎಲ್ಲ ಪಂಗಡಗಳನ್ನೂ ಕೂರಿಸಿಕೊಂಡು 2014ರಲ್ಲಿ ಒಳ್ಳೆಯ ಸಂವಿಧಾನ ಬರೆದರು. ಅದರಲ್ಲಿ ಸಾಂವಿಧಾನಿಕ ನ್ಯಾಯಾಲಯದ ಪ್ರಸ್ತಾಪವಿತ್ತು. ನ್ಯಾಯಮೂರ್ತಿಗಳು ಯಾರಾಗಬೇಕೆಂಬ ಬಗ್ಗೆ ಪಕ್ಷಗಳ ನಡುವೆ ಒಮ್ಮತ ಮೂಡದೆ ಅದು ರಚನೆಯಾಗಲೇ ಇಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂವಿಧಾನದ ತುರ್ತು ವಿಧಿಯನ್ನು ಮುಂದಿಟ್ಟು ಸಂಸತ್ತನ್ನು ಅಮಾನತುಗೊಳಿಸಿದಾಗ, ಅದು ಸರಿಯೋ ತಪ್ಪೋ ಎಂದು ಹೇಳಬಲ್ಲ ಪೀಠವೇ ದೇಶದಲ್ಲಿರಲಿಲ್ಲ. ಕೆಲಸವಿಲ್ಲದೆ, ಬೆಲೆ ಏರಿಕೆಯಿಂದ ಬೇಸತ್ತಿದ್ದ ಜನ ಆ ರಾತ್ರಿ ಬೀದಿಗಿಳಿದು ಸಂಭ್ರಮಿಸಿದರು ಎಂಬುದನ್ನೂ ಹೇಳಬೇಕು, ಹತ್ತು ವರ್ಷದ ಪ್ರಜಾಪ್ರಭುತ್ವ ಅವರ ಹೊಟ್ಟೆಗೆ ಹೆಚ್ಚೇನನ್ನೂ ಕೊಟ್ಟಿರಲಿಲ್ಲ.

ದಕ್ಷಿಣ ಕೊರಿಯಾದಲ್ಲಿ ಅಧ್ಯಕ್ಷ ಯೂನ್ ಸುಕ್-ಯೋಲ್ 2024ರ ಡಿಸೆಂಬರ್ 3ರ ರಾತ್ರಿ ಸೇನಾ ಕಾನೂನು ಘೋಷಿಸಿದಾಗ ಆದದ್ದೇ ಬೇರೆ. ಸಂಸದರು ಬೇಲಿ ಹಾರಿ ಸಭಾಂಗಣ ಸೇರಿದರು. ಹಾಜರಿದ್ದ 190 ಮಂದಿಯೂ, ಅಧ್ಯಕ್ಷರದೇ ಪಕ್ಷದ ಕೆಲವರು ಸೇರಿದಂತೆ, ಅದರ ವಿರುದ್ಧ ಮತ ಹಾಕಿದರು. 1987ರ ಸಂವಿಧಾನದಿಂದ ಹುಟ್ಟಿದ ಸಾಂವಿಧಾನಿಕ ನ್ಯಾಯಾಲಯ 2025ರ ಏಪ್ರಿಲ್ 4ರಂದು ಒಮ್ಮತದಿಂದ ಅವರನ್ನು ಪದಚ್ಯುತಗೊಳಿಸಿತು. ಆದರೆ ಯೂನ್ ಅವರ ಪಕ್ಷ ಜೂನ್ 3ರ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸಿತು, ಸೋತಿತು, ವಿರೋಧ ಪಕ್ಷವಾಗಿ ಕುಳಿತಿತು.

ಗಮನಿಸಬೇಕಾದ್ದು

ಬಾಂಗ್ಲಾದೇಶದ ಸುದ್ದಿಗಳಲ್ಲಿ ಗೆದ್ದವರ ಹೆಸರಿಗಿಂತ ಮುಖ್ಯವಾದವು ಎರಡು. ಪ್ರಧಾನಿಗೆ ಒಟ್ಟು ಹತ್ತು ವರ್ಷದ ಮಿತಿ, ಮೇಲ್ಮನೆ ಮುಂತಾದ ಸುಧಾರಣೆಗಳನ್ನು ಪಕ್ಷಗಳು 2025ರ ಅಕ್ಟೋಬರ್‌ನಲ್ಲಿ ಸಹಿಯಾದ, 2024ರ ಜುಲೈ ದಂಗೆಯ ಹೆಸರು ಹೊತ್ತ ಜುಲೈ ಸನದಿನಲ್ಲಿ ಒಪ್ಪಿಕೊಂಡವು. ಕೈಯಲ್ಲಿ ಬಹುಮತವಿರುವವರು ತಮ್ಮನ್ನೇ ಕಟ್ಟಿಹಾಕುವ ಈ ನಿಯಮಗಳನ್ನು ಜಾರಿಗೆ ತರುತ್ತಾರೆಯೇ ಎಂಬುದು ಮೊದಲನೆಯದು. ಉಸ್ತುವಾರಿ ಸರ್ಕಾರದ ಏರ್ಪಾಡಿಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಮತ್ತೆ ಜೀವ ಕೊಟ್ಟಿದೆ, ಅದರ ಮುಖ್ಯಸ್ಥರನ್ನು ಆರಿಸುವ ವಿಧಾನ ಈ ಬಾರಿಯಾದರೂ ಯಾರ ಕೈಗೂ ಎಟುಕದಂತೆ ಇರುತ್ತದೆಯೇ ಎಂಬುದು ಎರಡನೆಯದು. ದೋಣಿಯ ಗುರುತು ಯಾವುದಾದರೊಂದು ರೂಪದಲ್ಲಿ 2026ರ ಚುನಾವಣೆಯ ನಂತರದ ಚುನಾವಣೆಯ ಹೊತ್ತಿಗಾದರೂ ಮರಳದಿದ್ದರೆ, ಹೊರಗುಳಿದವರು ಬೀದಿಯನ್ನೇ ಆರಿಸಿಕೊಳ್ಳುವ ಸಂಭವ ಹೆಚ್ಚು.

ಸಿರಿಯಾದ ಗಡುವು ಇನ್ನೂ ಉದ್ದ. 2025ರ ಮಾರ್ಚ್‌ನ ಸಾಂವಿಧಾನಿಕ ಘೋಷಣೆಯಲ್ಲಿ ಐದು ವರ್ಷಗಳ ಸಂಕ್ರಮಣ ಕಾಲವನ್ನು ನಿಗದಿಪಡಿಸಲಾಗಿದೆ. ಯುದ್ಧಕ್ಕೆ ಮುಂಚಿನ ಜನಸಂಖ್ಯೆಯ ಅರ್ಧದಷ್ಟು ಮಂದಿ ಮನೆಮಠ ಬಿಟ್ಟು ಚದುರಿಹೋಗಿರುವಾಗ ಮತದಾರರ ಪಟ್ಟಿ ತಯಾರಿಸುವುದು ಅಸಾಧ್ಯ ಎಂಬ ಅಲ್ಲಿನ ಸರ್ಕಾರದ ಸಮರ್ಥನೆಯಲ್ಲಿ ಸತ್ಯಾಂಶವಿದೆ. ಆದರೆ ಅಕ್ಟೋಬರ್‌ನ ಮತದಾನ ದ್ರೂಜ್ ಸಮುದಾಯದ ಸುವೈದಾದಲ್ಲಾಗಲೀ ಕುರ್ದರ ಹಿಡಿತದಲ್ಲಿದ್ದ ಈಶಾನ್ಯದಲ್ಲಾಗಲೀ ನಡೆಯಲಿಲ್ಲ. ಆ ಸ್ಥಾನಗಳು ಯಾವಾಗ ಮತ್ತು ಯಾರ ಆಯ್ಕೆಯಿಂದ ತುಂಬುತ್ತವೆ, ಹೊಸ ಸೇನೆಯಲ್ಲಿ ಆ ಸಮುದಾಯಗಳವರಿಗೆ ಯಾವ ಹುದ್ದೆಗಳು ಸಿಗುತ್ತವೆ, ಮತದಾರರ ಪಟ್ಟಿಯ ಕೆಲಸ ನಿಜವಾಗಿ ಶುರುವಾಗುತ್ತದೆಯೇ ಎಂಬುದನ್ನು ನೋಡಿದರೆ, 2030ರಲ್ಲಿ ಆ ಐದು ವರ್ಷ ಮುಗಿಯುತ್ತದೆಯೋ ಇಲ್ಲವೇ ಇನ್ನೊಂದು ಐದು ವರ್ಷಕ್ಕೆ ವಿಸ್ತರಣೆಯಾಗುತ್ತದೆಯೋ ಎಂಬುದನ್ನು ಈಗಲೇ ಅಂದಾಜಿಸಬಹುದು.